ಕಂಪ್ಯೂಟರಿಗೊಂದು ಕೀಲಿ ಖಣ

ಕಂಪ್ಯೂಟರ್ ರಿಪೇರಿ ಮಾಡುವವನ ಹತ್ತಿರ ಕೆಟ್ಟ ಕಂಪ್ಯೂಟರ್ ಬರುವುದು ಕಡಿಮೆ. ಒಳ್ಳೆಯ ಕಂಪ್ಯೂಟರಿನ ಜೊತೆ ಕೆಟ್ಟ ಐಡಿಯಾಗಳೇ ಹೆಚ್ಚು ಬರುತ್ತವೆ. ಜಮಖಂಡಿಯಲ್ಲಿ ಅಂಗಡಿ ಇಟ್ಟಾಗಿನಿಂದ ಇದು ತಪ್ಪಿಲ್ಲ, ತಪ್ಪುವ ಲಕ್ಷಣವೂ ಕಾಣುತ್ತಿಲ್ಲ.

ಪೆನ್ ಡ್ರೈವ್ ಇನ್ನೂ ನಮ್ಮ ಕಡೆ ಕಾಲಿಡದ ದಿನಗಳಲ್ಲಿ ಮೊಬೈಲ್ ರ್‍ಯಾಕ್ ಎಂಬ ವಸ್ತು ಬಂತು. ಹೆಸರು ಕೇಳಿ ಫೋನು ಅಂದುಕೊಳ್ಳಬೇಡಿ. ಕಂಪ್ಯೂಟರಿನ ಮುಖದಲ್ಲಿ, ಸೀಡಿ ಹಾಕುವ ಜಾಗದ ಕೆಳಗೆ ಒಂದು ಚೌಕಟ್ಟು ಕೂಡಿಸುವುದು. ಅದರೊಳಗೆ ಜಾರಿ ಕೂಡುವಂಥ ಹಿಡಿಕೆಯ ಡಬ್ಬಿ, ಡಬ್ಬಿಯೊಳಗೆ ಹಾರ್ಡ್ ಡಿಸ್ಕ್. ಪುಟ್ಟ ಕೀಲಿ ತಿರುಗಿಸಿದರೆ ಡಿಸ್ಕ್ ಚಾಲೂ. ಕಂಪ್ಯೂಟರ್ ಬಂದ್ ಮಾಡಿ ಎಳೆದರೆ ಡಬ್ಬಿ ಸಮೇತ ಕೈಗೆ ಬರುತ್ತದೆ, ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗಬಹುದು. ಮೇಜಿನ ಡ್ರಾವರಿಗೆ ನಮ್ಮ ಮಂದಿ ಖಣ ಅನ್ನುತ್ತಾರಾದ್ದರಿಂದ ಇದಕ್ಕೂ ಖಣ ಎಂದೇ ಹೆಸರಾಯಿತು. ನಾನು ಭಟ್ಟರ ಮನೆಯವನೆಂದು ಕೆಲವರು ಮುಹೂರ್ತ ನೋಡಿಯೇ ಕೂಡಿಸಬೇಕೆಂದು ಹಟ ಹಿಡಿದರು. ರಾಹುಕಾಲದಲ್ಲಿ ಕೂಡಿಸಿದವು ಒಂದೂ ಕೆಡಲಿಲ್ಲ, ಕೆಟ್ಟವೆಲ್ಲ ಸುಮುಹೂರ್ತದವೇ.

ತಿಜೋರಿಯೊಳಗಿನ ಆಸ್ತಿ

ಬನಹಟ್ಟಿಯಲ್ಲಿ ಸೀರೆ ನೇಯಿಸುವ ಮಾಲಕರೊಬ್ಬರು. ಸೀರೆಯ ಅಂಚು, ಸೆರಗಿನ ಡಿಸೈನ್ ಬಿಡಿಸಲು ಕಂಪ್ಯೂಟರ್ ಇಟ್ಟು ಅದಕ್ಕೊಬ್ಬ ಡಿಸೈನರನನ್ನೂ ಇಟ್ಟಿದ್ದರು. ಅವರ ದುಃಖ ಒಂದೇ: ಡಿಸೈನುಗಳು ಕಳುವಾಗುತ್ತಿದ್ದವು.

"ನಾ ಸೆರಗ ಬಿಡಸೂದ್ರಾಗ ಬಾಜೂದಾಂವ ನೇದು ಮಾರಿ ಮುಗಿಸಿರ್ತಾನ್ರೀ," ಅಂದರು.

ಖಣ ಕೂಡಿಸಿದೆ. ಹಳೇ ಡಿಸ್ಕ್ ಕಂಪ್ಯೂಟರಿನೊಳಗೇ ಇರಲಿ, ಡಿಸೈನುಗಳನ್ನು ಮಾತ್ರ ಖಣದಲ್ಲಿರುವ ಹೊಸ ಡಿಸ್ಕಿನಲ್ಲಿ ಇಡಬೇಕು ಎಂದು ಮಾಲಕರಿಗೂ ಡಿಸೈನರನಿಗೂ ಬಿಡಿಸಿ ಹೇಳಿದೆ. ಇಬ್ಬರೂ ತಲೆಯಾಡಿಸಿದರು. ತಲೆಯಾಡಿಸಲು ಕರೆಂಟು ಬೇಕಾಗುವುದಿಲ್ಲ.

ಮೊದಲ ದಿನ ಸಂಜೆ ಮಾಲಕರು ಮನೆಗೆ ಫೋನು ಮಾಡಿ, ಇವತ್ತು ಖಣ ತರುತ್ತೇನೆ ಎಂದು ಹೇಳಿದರಂತೆ. ನಮ್ಮ ಜಿಲ್ಲೆಯಲ್ಲಿ ಖಣ ಅಂದರೆ ಕುಪ್ಪಸದ ಬಟ್ಟೆಯೂ ಹೌದು. ಹೆಂಡತಿ ಖುಷಿಯಿಂದ ಶಿರಾ ಮಾಡಿ ಕಾದರು. ಚೀಲದಿಂದ ಕರಿ ಡಬ್ಬಿ ಹೊರಬಂದದ್ದು ನೋಡಿ ಶಿರಾ ತೆಗೆದುಕೊಂಡು ಹೋಗಿ ಪಕ್ಕದ ಮನೆಗೆ ಕೊಟ್ಟು ಬಂದರು. ಮಾಲಕರು ಬೇಸರ ಮಾಡಿಕೊಳ್ಳದೆ ಡಬ್ಬಿಯನ್ನು ತಿಜೋರಿಯಲ್ಲಿಟ್ಟು ಕೀಲಿ ಹಾಕಿದರು. ದಿನಾಲೂ ಅದೇ ಕ್ರಮ.

ಕೆಲವು ತಿಂಗಳಾದ ಮೇಲೆ ನನ್ನ ಅಂಗಡಿಗೆ ಬಂದರು. ಪಕ್ಕದವನು ಈಗಲೂ ಅವರದೇ ಡಿಸೈನ್ ನೇಯುತ್ತಿದ್ದಾನೆ, ತಿಜೋರಿಗೆ ಕಳ್ಳಗೀಲಿ ಮಾಡಿಸಿದ್ದಾನೆ ಎಂದು ಅವರ ಗುಮಾನಿ. ಹೆಂಡತಿಯ ತವರಿನವರ ಮೇಲೂ ಸ್ವಲ್ಪ ಇತ್ತು. ನಾನು ಹೋಗಿ ಖಣದ ಡಿಸ್ಕ್ ತೆರೆದು ನೋಡಿದೆ. ಅದರಲ್ಲಿ ಒಂದು ಅಂಚಿಲ್ಲ, ಒಂದು ಸೆರಗಿಲ್ಲ. ಡಿಸೈನರ ಕೂಡಿಸಿಟ್ಟ ಸಿನಿಮಾ ಹಾಡುಗಳು ಮಾತ್ರ ತುಂಬಿದ್ದವು. ಡಿಸೈನುಗಳೆಲ್ಲ ಮೊದಲಿನಂತೆ ಹಳೇ ಡಿಸ್ಕಿನಲ್ಲಿ, ಬಾಗಿಲಿಗೆ ಚಿಲಕ ಸಹ ಇಲ್ಲದ ಕೋಣೆಯಲ್ಲಿ, ಆರಾಮಾಗಿ ಇದ್ದವು.

ಮಾಲಕರು ಪರದೆಯ ಮೇಲಿನ ಹಾಡುಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಆಮೇಲೆ ಮೆಲ್ಲಗೆ ಕೇಳಿದರು: "ಹಾಡರೆ ಛಲೋ ಅದಾವೇನ್ರೀ?"

ಹುನ್ನೂರದ ಲಗ್ನ, ಚಿಮ್ಮಡದ ಊಟ

ರಬಕವಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಣ್ಣತಮ್ಮಂದಿರು ಬೇರೆಯಾದರು. ಮನೆ, ಹೊಲ, ಹಿತ್ತಾಳೆ ಹಂಡೆ ಎಲ್ಲ ಪಾಲಾದವು. ಕಂಪ್ಯೂಟರ್ ಒಂದೇ ಇತ್ತು. ಹಿರಿಯರು ಅದನ್ನೂ ಅರ್ಧ ಮಾಡಬಹುದೇ ಎಂದು ನನ್ನನ್ನು ಕರೆಸಿ ಕೇಳಿದರು.

ಮಾಡಬಹುದಿತ್ತು. ಒಂದು ಚೌಕಟ್ಟು, ಎರಡು ಖಣ. ಮುಂಜಾನೆ ಅಣ್ಣ ತನ್ನ ಖಣ ಹಾಕಿ ಕೆಲಸ ಮಾಡುವುದು, ಮಧ್ಯಾಹ್ನದ ಮೇಲೆ ತಮ್ಮ ತನ್ನದನ್ನು ಹಾಕುವುದು. ಒಬ್ಬರ ಗಿರಾಕಿ ಒಬ್ಬರಿಗೆ ಕಾಣುವುದಿಲ್ಲ, ಮಾತಾಡುವ ಪ್ರಸಂಗವೂ ಬರುವುದಿಲ್ಲ. ಹಿರಿಯರು ವಿಜ್ಞಾನವನ್ನು ಬಾಯಿತುಂಬ ಹೊಗಳಿದರು.

ಲಗ್ನದ ಸುಗ್ಗಿ ಬಂತು. ಒಂದು ದಿನ ತಮ್ಮ ಅವಸರದಲ್ಲಿ ತನ್ನ ಖಣ ತೆಗೆಯದೆ ಮನೆಗೆ ಹೋದ. ಮರುದಿನ ಅಣ್ಣ ಬಂದು ನೋಡಿದರೆ ಖಣ ಒಳಗೇ ಇದೆ. ನಿನ್ನೆ ತಾನೇ ಬಿಟ್ಟಿರಬೇಕು, ತಮ್ಮ ಕೆಲಸಕ್ಕೆ ಬಂದಿರಲಿಕ್ಕಿಲ್ಲ ಅಂದುಕೊಂಡ, ತನ್ನ ಚೀಲ ತೆರೆದು ನೋಡಲಿಲ್ಲ. ಎರಡೂ ಕಪ್ಪು, ಎರಡೂ ಒಂದೇ ಅಳತೆ. ಅಣ್ಣತಮ್ಮಂದಿರು ಒಂದೇ ಕಡೆ ಕಂಪ್ಯೂಟರ್ ಕಲಿತವರಾದ್ದರಿಂದ ಫೈಲಿಗೂ ಇಬ್ಬರೂ ಒಂದೇ ಹೆಸರಿಡುತ್ತಿದ್ದರು: ಲಗ್ನ ಫೈನಲ್. ಅಣ್ಣ ಅದನ್ನು ತೆರೆದು ಅಚ್ಚಿಗೆ ಕೊಟ್ಟ. ಹೆಸರು ಓದುವ ಪುರುಸೊತ್ತು ಯಾರಿಗಿದೆ? ಗಣಪತಿ ನೆಟ್ಟಗೆ ಕೂತಿದ್ದಾನೋ ಇಲ್ಲವೋ ನೋಡಿದರೆ ಪರೀಕ್ಷೆ ಮುಗಿಯಿತು.

ಹೀಗೆ ಅಣ್ಣನ ಗಿರಾಕಿಯಾದ ಹುನ್ನೂರದ ಹೆಣ್ಣಿನ ತಂದೆ, ಚಿಮ್ಮಡದ ಯಾರದೋ ಲಗ್ನದ ಪತ್ರಿಕೆಯನ್ನು ತನ್ನ ಬಳಗಕ್ಕೆಲ್ಲ ಅರಿಸಿನ ಕುಂಕುಮ ಹಚ್ಚಿ ಹಂಚಿದ. ಬೀಗರು ಫೋನು ಮಾಡಿ, ವರ ಬದಲಾದ ಸುದ್ದಿ ನಮಗೂ ಮೊದಲೇ ತಿಳಿಸಿದ್ದರೆ ಚೆನ್ನಾಗಿತ್ತು ಎಂದಾಗಲೇ ಅವನಿಗೆ ಗೊತ್ತಾದದ್ದು. ಲಗ್ನವೇ ಮುರಿಯುವ ಹಂತಕ್ಕೆ ಬಂತು. ಅವನು ಅಂಗಡಿಗೆ ಬಂದು ಕೂಗಾಡಿದ ಮೇಲೆ ಅಣ್ಣತಮ್ಮಂದಿರು, ಬೇರೆಯಾದಂದಿನಿಂದ ಮೊದಲ ಸಲ, ಒಬ್ಬರಿಗೊಬ್ಬರು ಮಾತಾಡಿದರು. ಮಾತು ಪ್ರೀತಿಯದಾಗಿರಲಿಲ್ಲ. ಆದರೂ ಇಬ್ಬರೂ ಕೂಡಿ ಕೂತು ಹೊಸ ಪತ್ರಿಕೆ ಅಚ್ಚು ಹಾಕಿದರು, ತಾವೇ ಬೀಗರ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬಂದರು. ಹುನ್ನೂರದ ಲಗ್ನ ಸಾಂಗವಾಗಿ ಆಯಿತು.

ಅದಾದ ಮೇಲೆ, ಖಣ ಕೂಡಿಸಿದವನು ನಾನೆಂದು ತಿಳಿದು ನನ್ನ ಅಂಗಡಿಗೆ ಬಂದವರು ಚಿಮ್ಮಡದ ವರನ ತಂದೆ. ಹುನ್ನೂರದ ಮಂದಿ ಟ್ರ್ಯಾಕ್ಟರ್ ಮಾಡಿಕೊಂಡು ಅವರ ಲಗ್ನಕ್ಕೆ ಬಂದು ಉಂಡು ಹೋಗಿದ್ದರಂತೆ. ಇವರು ನೀವು ಯಾರ ಕಡೆಯವರು ಎಂದು ಕೇಳಿದ್ದಕ್ಕೆ ಬಂದವರಲ್ಲಿ ಹಿರಿಯನೊಬ್ಬ ಎಲೆಯಿಂದ ತಲೆಯೆತ್ತಿ ಹೇಳಿದನಂತೆ: "ಯಾರ ಕಡೇದವ್ರೋ ನಮಗೂ ಗೊತ್ತಿಲ್ರೀ. ಪತ್ರಿಕಿ ಮುಟ್ಟೈತಿ, ಬರಲಿಲ್ಲಂದ್ರ ನಿಮಗ ಬ್ಯಾಸರ ಆಕ್ಕೈತಿ ಅಂತ ಬಂದೀವಿ."

ಅರಗಿನ ಮುದ್ರೆ

ಬೀಳಗಿ ಕಡೆಯ ಒಂದು ಕಚೇರಿ. ಅಣೆಕಟ್ಟಿನ ಹಿನ್ನೀರಿಗೆ ಮನೆ ಕಳಕೊಂಡವರ ವಿವರವೆಲ್ಲ ಅಲ್ಲಿಯ ಕಂಪ್ಯೂಟರಿನಲ್ಲಿತ್ತು. ಅದು ಬಾಗಲಕೋಟೆಗೆ ಹೋಗಿ ಮುಟ್ಟಿದರೆ ಮಂದಿಗೆ ಪ್ಲಾಟು, ಮುಟ್ಟದಿದ್ದರೆ ಇನ್ನೊಂದು ಮಳೆಗಾಲ ತಗಡಿನ ಶೆಡ್ಡು. ಇಡೀ ಡಿಸ್ಕನ್ನೇ ಒಯ್ಯುವುದು ಸುಲಭವೆಂದು ಸಾಹೇಬರು ಖಣ ಕೂಡಿಸಲು ಹೇಳಿದರು. ಕೂಡಿಸಿ ಬಂದೆ.

ಮರುದಿನವೇ ಹೆಡ್‌ ಕ್ಲಾರ್ಕ್ ಫೋನು: ಡಬ್ಬಿ ತೆಗೆದಿದ್ದೆವು, ಈಗ ಒಳಗೆ ಕೂಡುತ್ತಿಲ್ಲ. ಹೋಗಿ ತಿರುಗಿಸಿ ನೋಡಿದೆ. ಡಬ್ಬಿಯ ಹಿಂಭಾಗದಲ್ಲಿ ಕಂಪ್ಯೂಟರಿಗೆ ಜೋಡಣೆಯಾಗುವ ಸಣ್ಣ ತೂತುಗಳ ಸಾಲು ಇರುತ್ತದೆ. ಅದರ ಮೇಲೆ ಸರಿಯಾಗಿ ಕೆಂಪು ಅರಗು ಸುರಿದು, ಕಚೇರಿಯ ಮುದ್ರೆ ಒತ್ತಿದ್ದರು. ಸಿಂಹಗಳು ಬಹಳ ಸ್ಪಷ್ಟವಾಗಿ ಮೂಡಿದ್ದವು.

ಅಲ್ಲಿಯೇ ಯಾಕೆ ಹಾಕಿದಿರಿ ಎಂದು ಕೇಳಿದೆ.

"ತೂತ ಅಲ್ಲೇ ಅದಾವಲ್ರೀ," ಅಂದರು ಹೆಡ್‌ ಕ್ಲಾರ್ಕ್. "ದಾರಿಯೊಳಗ ಮಾಹಿತಿ ಸೋರಿದ್ರ ಜವಾಬ್ದಾರಿ ಯಾರು?"

ಮಧ್ಯಾಹ್ನವೆಲ್ಲ ಸೂಜಿ ಹಿಡಿದು ಅರಗು ಕೆರೆದೆ. ಪುಣ್ಯಕ್ಕೆ ಡಿಸ್ಕ್ ಉಳಿದಿತ್ತು. ಈ ಸಲ ಮುದ್ರೆಯನ್ನು ಬಟ್ಟೆಯ ಚೀಲಕ್ಕೆ ಹಾಕಿಸಿ ಕಳಿಸಿದೆ. ಬಾಗಲಕೋಟೆಯಲ್ಲಿ ತೆಗೆದುಕೊಳ್ಳಬೇಕಾದವರು ಇದರಲ್ಲಿ ಎಷ್ಟು ಪುಟ ಇವೆ ಎಂದು ಕೇಳಿದರಂತೆ. ಪುಟ ಇಲ್ಲ ಅಂದರೆ ದಾಖಲೆಯೂ ಅಲ್ಲ ಎಂದು ವಾಪಸ್ ಕಳಿಸಿದರು. ಕೊನೆಗೆ ಎಲ್ಲವನ್ನೂ ಕಾಗದದ ಮೇಲೆ ತೆಗೆಸಿ, ಗಂಟು ಕಟ್ಟಿ, ಜೀಪು ತುಂಬಿಸಿ ಒಯ್ದರು. ಮೇಲೆ ಡಿಸ್ಕನ್ನೂ ಇಟ್ಟರು. ಅಲ್ಲಿ ಆ ಕಾಗದ ನೋಡಿಕೊಂಡು ಇನ್ನೊಂದು ಕಂಪ್ಯೂಟರಿಗೆ ಮತ್ತೆ ಮೊದಲಿನಿಂದ ಟೈಪ್ ಮಾಡಿದರು. ಮಂದಿಗೆ ಪ್ಲಾಟು ಅಂತೂ ಸಿಕ್ಕಿತು.

ಡಿಸ್ಕ್ ಏನಾದರೂ ಉಪಯೋಗವಾಯಿತೇ ಎಂದು ನಾನು ಕೇಳಿದಾಗ ಹೆಡ್‌ ಕ್ಲಾರ್ಕ್ ಸಂತೋಷದಿಂದ ಹೇಳಿದರು: "ಭಾಳ ಆತ್ರೀ. ಫ್ಯಾನಿನ ಗಾಳಿಗೆ ಒಂದ ಹಾಳಿ ಸೈತ ಹಾರಲಿಲ್ಲ."

ಓಡುವ ಪುರಾವೆ

ತಿಮ್ಮಾಪುರದ ಹತ್ತಿರ ತೋಟದ ಮನೆಯಲ್ಲಿ ಒಬ್ಬ ಸಾಲಿ ಮಾಸ್ತರು ಮುಧೋಳ ನಾಯಿ ಸಾಕಿದ್ದರು. ಅವರ ಹೆಣ್ಣುನಾಯಿ ಮರಿ ಹಾಕಿತ್ತು. ತಾಯಿಯದು, ಅಜ್ಜಿಯದು ಫೋಟೋ, ಅವು ಓಡುವ ವಿಡಿಯೋ ಎಲ್ಲ ಮಾಸ್ತರ ಕಂಪ್ಯೂಟರಿನಲ್ಲಿದ್ದವು. ಗಿರಾಕಿ ಇದ್ದಲ್ಲಿಗೆ ಡಿಸ್ಕ್ ಒಯ್ದು ತೋರಿಸಬಹುದೆಂದು ಖಣ ಬೇಕಾಯಿತು.

ನಾನು ಹೋದ ದಿನವೇ ಕೊಲ್ಲಾಪುರ ಕಡೆಯ ಒಬ್ಬ ಸಾವಕಾರರು ಮರಿ ನೋಡಲು ಬರುವವರಿದ್ದರು. ಅವರಿಗೆ ಹಿಂದೊಮ್ಮೆ ಯಾರೋ ಬೀದಿ ನಾಯಿಯನ್ನು ಉಪವಾಸ ಕೆಡವಿ ತೆಳ್ಳಗೆ ಮಾಡಿ ಮುಧೋಳ ನಾಯಿ ಎಂದು ಮಾರಿದ್ದರಂತೆ. ಅದು ಒಂದು ವಾರ ಹೊಟ್ಟೆ ತುಂಬ ಉಂಡ ಮೇಲೆ ಅಸಲು ರೂಪ ತೋರಿಸಿತ್ತು. ಆದ್ದರಿಂದ ಈ ಸಲ ಪುರಾವೆ ನೋಡದೆ ಮರಿ ಮುಟ್ಟುವುದಿಲ್ಲ ಎಂದು ಮೊದಲೇ ತಿಳಿಸಿದ್ದರು.

ಮಾಸ್ತರ ಮನೆಯವರು ಶೇಂಗಾ ಹೋಳಿಗೆ, ಮೇಲೆ ಕೈಬಿಡದೆ ತುಪ್ಪ ಬಡಿಸಿದರು. ಉಂಡು ಕೈ ತೊಳೆದುಕೊಂಡು ಡಿಸ್ಕನ್ನು ಡಬ್ಬಿಗೆ ಹಾಕಿ ಸ್ಕ್ರೂ ಬಿಗಿದೆ. ಡಬ್ಬಿ ಕಟ್ಟೆಯ ಮೇಲಿಟ್ಟು ಚೌಕಟ್ಟು ಕೂಡಿಸತೊಡಗಿದೆ. ನನ್ನ ಲೆಕ್ಕದಲ್ಲಿ ಕೈ ಸ್ವಚ್ಛವಾಗಿತ್ತು. ನಾಯಿಯ ಅಭಿಪ್ರಾಯ ಬೇರೆ ಇತ್ತು.

ಸಾವಕಾರರು ಬೈಕಿನಿಂದ ಇಳಿದರು. ಮಾಸ್ತರು ತಾಯಿನಾಯಿಯನ್ನು ಬಿಚ್ಚಿ ತಂದು, ಇದು ಪರರ ವಸ್ತು ಮೂಸಿಯೂ ನೋಡುವುದಿಲ್ಲ ಎಂದು ಹೇಳುತ್ತಿದ್ದರು. ಆ ಮಾತು ಮುಗಿಯುವುದರೊಳಗೆ ಅದು ಡಬ್ಬಿಯ ಹಿಡಿಕೆಯನ್ನು ಬಾಯಲ್ಲಿ ಕಚ್ಚಿಕೊಂಡು ಕಬ್ಬಿನೊಳಗೆ ನುಗ್ಗಿತು. ಮಾಸ್ತರು ಧೋತರ ಎತ್ತಿ ಕಟ್ಟಿ ಓಡಿದರು. ಅವರ ಹಿಂದೆ ನಾನು, ಕೈಯಲ್ಲಿ ಸ್ಕ್ರೂ ಡ್ರೈವರ್. ಕಬ್ಬಿನ ಈ ತುದಿಗೆ ನಾವು ಮುಟ್ಟುವ ಹೊತ್ತಿಗೆ ಆ ತುದಿಯಿಂದ ಅದು ಹೊರಬಿದ್ದು ಕಾಲುವೆಯ ದಾರಿ ಹಿಡಿದಿತ್ತು. ಸಾವಕಾರರು ಬೈಕ್ ಹತ್ತಿ ಬೆನ್ನಟ್ಟಿದರು. ಬೈಕ್ ಹೊಸದು, ದಾರಿ ನೆಟ್ಟಗಿನದು. ಆದರೂ ನಾಯಿ ಮತ್ತು ಬೈಕಿನ ನಡುವಿನ ಅಂತರ ಹೆಚ್ಚುತ್ತಲೇ ಹೋಯಿತು.

ಸಾಕಷ್ಟು ತಿರುಗಾಡಿ ಅದು ತಾನಾಗಿಯೇ ಮನೆಗೆ ಬಂದು ಡಬ್ಬಿಯನ್ನು ಮರಿಗಳ ಮುಂದೆ ಹಾಕಿ ಮಲಗಿತು. ಎತ್ತಿ ಅಲ್ಲಾಡಿಸಿದೆ. ಒಳಗೆ ಗಿಲಿಗಿಲಿ ಸದ್ದು. ಫೋಟೋ, ವಿಡಿಯೋ, ಅಜ್ಜಿ, ತಾಯಿ, ಎಲ್ಲ ಹೋದವು. ಮಾಸ್ತರು ಕಟ್ಟೆಯ ಮೇಲೆ ಕುಸಿದು, ಇನ್ನು ತೋರಿಸಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ ಅಂದರು.

ಸಾವಕಾರರು ಬೈಕ್ ನಿಲ್ಲಿಸಿ ಬೆವರು ಒರೆಸಿಕೊಂಡರು. ಮಲಗಿದ್ದ ನಾಯಿಯನ್ನು ಒಂದು ಸುತ್ತು ಹಾಕಿ ನೋಡಿ "ಹಾ ಖರಾ ಪುರಾವಾ", ಇದೇ ನಿಜವಾದ ಪುರಾವೆ, ಎಂದು ತಮ್ಮ ಮರಾಠಿಯಲ್ಲಿ ಅಂದರು. ಒಂದು ಮರಿ ಒಯ್ಯಲು ಬಂದವರು ಎರಡು ಮರಿ ಎತ್ತಿಕೊಂಡು ಹೋದರು.

ನಾನು ಸಾಮಾನು ಚೀಲಕ್ಕೆ ತುಂಬಿ, ಹೊಸ ಡಿಸ್ಕ್ ತಂದು ಹಾಕುತ್ತೇನೆ ಎಂದು ಮಾಸ್ತರಿಗೆ ಸಮಾಧಾನ ಹೇಳಿದೆ. ಅವರ ದುಃಖ ಅಷ್ಟರಲ್ಲಿ ಎಲ್ಲಿಗೋ ಹೋಗಿತ್ತು. ಬಹಳ ಹೊತ್ತು ನಾಯಿಯನ್ನೇ ನೋಡಿ, ನನ್ನನ್ನು ಆಚೆ ಕರೆದು ಹೇಳಿದರು:

"ಡಿಸ್ಕ್ ಬ್ಯಾಡ್ರೀ. ಖಾಲಿ ಡಬ್ಬಿ ಒಂದ ಕೊಟ್ಟು ಹೋಗ್ರಿ, ಮ್ಯಾಲೆ ಚೂರು ತುಪ್ಪ ನಾವ ಹಚ್ಕೋತೇವಿ. ನಾಳಿಗೆ ಇನ್ನೊಬ್ರು ನೋಡಾಕ ಬರಾವ್ರ ಅದಾರ."