ಅಪಾಯಿಂಟ್‌ಮೆಂಟ್ ಮನೆ

ನಮ್ಮ ಮನೆಯಲ್ಲಿ ‘ರಿಟೈರ್ ಆದಮೇಲೆ ಯಾವ ಊರು?’ ಎಂಬ ಮಾತು ಶುರುವಾಯಿತೆಂದರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಮಾತು ಶುರುವಾಗಿ ಆರು ವರ್ಷವಾಯಿತು, ಎಡವಟ್ಟುಗಳಿಗೇನೂ ಬರವಿಲ್ಲ.

ನಾನು ಮತ್ತು ನನ್ನ ಹೆಂಡತಿ ಇರುವುದು ಆಮ್ಸ್ಟರ್‌ಡ್ಯಾಮಿನ ಬೈಟನ್‌ವೆಲ್ಡರ್ಟ್‌ನಲ್ಲಿ, ಮೂರನೇ ಮಹಡಿಯಲ್ಲಿ. ಎರಡು ವರ್ಷದ ಪ್ರಾಜೆಕ್ಟ್ ಎಂದು ಮೈಸೂರಿನಿಂದ ಬಂದವರು ಇಪ್ಪತ್ತೆರಡು ವರ್ಷ ಕಳೆದಿದ್ದೇವೆ. ಮಗಳು ನೈಮೆಗನ್‌ನಲ್ಲಿ ಸಂಶೋಧನೆ ಮಾಡುತ್ತಾಳೆ. ನನ್ನ ಕೆಲಸ ಇನ್ನೊಂದು ವರ್ಷಕ್ಕೆ ಮುಗಿಯುತ್ತದೆ. ಮುಗಿದ ಮೇಲೆ ವಾಪಸ್ ಹೋಗುವುದೆಂದು ಇಬ್ಬರೂ ಯಾವತ್ತೋ ಒಪ್ಪಿಯಾಗಿತ್ತು. ಮೈಸೂರಿಗಂತೂ ಬೇಡ, ನಾವು ಬಿಟ್ಟು ಬಂದ ಮೈಸೂರು ಈಗ ಅಲ್ಲಿಲ್ಲ. ಅದರ ಸುತ್ತಮುತ್ತಲ ಯಾವುದಾದರೂ ಸಣ್ಣ ಊರು ಸಾಕು. ಆ ಊರು ಯಾವುದು ಎನ್ನುವುದೊಂದೇ ಬಾಕಿ ಉಳಿದಿತ್ತು.

ಹದಿನೇಳು ಕಾಲಮ್ಮು

ಮೂವತ್ತೈದು ವರ್ಷ ಸಾಫ್ಟ್‌ವೇರಿನಲ್ಲಿ ಇದ್ದವನು ಊರನ್ನು ಹೇಗೆ ಹುಡುಕುತ್ತಾನೋ ಹಾಗೇ ಹುಡುಕಿದೆ. ಎಕ್ಸೆಲ್ ಶೀಟು ತೆರೆದೆ. ನಂಜನಗೂಡು, ಹುಣಸೂರು, ಗುಂಡ್ಲುಪೇಟೆ, ಕೊಳ್ಳೇಗಾಲ, ತಿ. ನರಸೀಪುರ, ಕೆ.ಆರ್. ನಗರ, ಹೀಗೆ ಒಂಬತ್ತು ಊರು. ಅಡ್ಡಕ್ಕೆ ಹದಿನೇಳು ಕಾಲಮ್ಮು. ನೀರು ಇರಬೇಕು, ನೆಲ ಸಪಾಟಾಗಿರಬೇಕು, ಮಂಡಿನೋವಿನವರು ಸೈಕಲ್ ಹೊಡೆಯುವಂತಿರಬೇಕು, ರೈಲು ಇರಬೇಕು, ಹಾಲು ಚೆನ್ನಾಗಿ ಸಿಗಬೇಕು, ಸಂಜೆ ನಡೆಯಲು ಕಾಲುವೆ ಏರಿ ಇದ್ದರಂತೂ ಇನ್ನೂ ಒಳ್ಳೆಯದು. ಒಂದೊಂದಕ್ಕೂ ಅಂಕ ಕೊಟ್ಟು, ನಾಲ್ಕು ಭಾನುವಾರ ಕೂತು ಕೂಡಿಸಿದೆ. ಕೆ.ಆರ್. ನಗರ ಮೊದಲ ರ‍್ಯಾಂಕು ಬಂತು.

ಹೆಂಡತಿಯನ್ನು ಕರೆದು ಹೆಮ್ಮೆಯಿಂದ ತೋರಿಸಿದೆ. ಅವಳು ಕನ್ನಡಕ ಏರಿಸಿಕೊಂಡು ಒಂದೊಂದೇ ಕಾಲಮ್ಮು ಓದಿದಳು. “ಸಪಾಟು ನೆಲ. ಎಲ್ಲಿ ನೋಡಿದರೂ ಕಾಲುವೆ. ಸೈಕಲ್ಲು. ರೈಲು. ಹಾಲು.” ಕನ್ನಡಕ ತೆಗೆದು ಕಿಟಕಿಯಾಚೆ ಬೆರಳು ತೋರಿಸಿದಳು. “ರೀ, ಇದೇ ಊರನ್ನೇ ಅಲ್ವೇನ್ರೀ ನೀವು ಹುಡುಕಿರೋದು?”

ಒಬ್ಬಟ್ಟಿನ ಡಬ್ಬಿ

ಆ ವಾರ ಮನೆಗೆ ಬಂದಿದ್ದ ಮಗಳು ಶೀಟು ನೋಡಿ, “ಅಪ್ಪಾ, ವೇರ್ ಈಸ್ ಅಮ್ಮಾಸ್ ಕಾಲಮ್?” ಎಂದಳು. ನನಗೆ ನಾಚಿಕೆಯಾಯಿತು. ಹದಿನೇಳರಲ್ಲಿ ಒಂದೂ ಹೆಂಡತಿಯದಾಗಿರಲಿಲ್ಲ. “ನಿನಗೇನು ಬೇಕು ಹೇಳು” ಎಂದು ಅವಳನ್ನೇ ಕೇಳಿದೆ.

“ನನಗೆ ಒಂದೇ. ಹೇಳದೆ ಕೇಳದೆ ಬಾಗಿಲು ತಟ್ಟೋ ಜನ ಇರಬೇಕು, ಅಷ್ಟೆ.”

ಅವಳು ಯಾಕೆ ಹಾಗೆಂದಳು ಎಂದು ನನಗೆ ಗೊತ್ತು. ಇಲ್ಲಿ ಯಾರ ಮನೆಗೆ ಕಾಫಿಗೆ ಹೋಗಬೇಕಾದರೂ ಮೂರು ವಾರ ಮೊದಲು ‘ಅಫ್‌ಸ್ಪ್ರಾಕ್’ ಮಾಡಿಕೊಳ್ಳಬೇಕು. ಅಫ್‌ಸ್ಪ್ರಾಕ್ ಎಂದರೆ ಅಪಾಯಿಂಟ್‌ಮೆಂಟು. ಹಲ್ಲಿನ ಡಾಕ್ಟರಿಗೂ ಅದೇ, ಅಕ್ಕತಂಗಿಗೂ ಅದೇ. ಅದು ಡಚ್ಚರ ಪದ್ಧತಿ, ಅವರನ್ನು ಆಡಿಕೊಳ್ಳುವುದೇನಿದೆ? ಆಡಿಕೊಳ್ಳಬೇಕಾದ್ದು ನಮ್ಮನ್ನು.

ಒಂದು ಉಗಾದಿಯ ದಿನ ಹೆಂಡತಿಗೆ ಊರಿನ ನೆನಪು ತಡೆಯಲಾಗಲಿಲ್ಲ. “ನಡೀರಿ, ಹೇಳದೆ ಹೋಗಿ ಒಬ್ಬಟ್ಟು ಕೊಟ್ಟು ಬರೋಣ” ಎಂದಳು. ಬಿಸಿ ಒಬ್ಬಟ್ಟಿನ ಡಬ್ಬಿ ಹಿಡಿದು ರೈಲು ಹತ್ತಿ ರಾಟರ್‌ಡ್ಯಾಮಿಗೆ ಹೋದೆವು. ಅಲ್ಲಿರುವವರು ನಮ್ಮ ಹದಿನೈದು ವರ್ಷದ ಸ್ನೇಹಿತರು, ಅಪ್ಪಟ ಬೆಂಗಳೂರಿನವರು. ಗಂಟೆ ಒತ್ತಿದೆವು. ಗೆಳತಿ ಬಾಗಿಲು ತೆರೆದಳು. ನಮ್ಮಿಬ್ಬರ ಮುಖ ನೋಡಿದ್ದೇ ತಡ, ಅವಳ ಮುಖ ಬಿಳುಚಿಕೊಂಡಿತು. ಗೋಡೆ ಹಿಡಿದುಕೊಂಡು ಕೇಳಿದಳು: “ಏನಾಯ್ತು? ಯಾರಿಗೆ ಏನಾಯ್ತು? ಹೇಳ್ಬಿಡು, ನಾನು ಗಟ್ಟಿಯಾಗಿದೀನಿ.”

ಯಾರಿಗೂ ಏನೂ ಆಗಿಲ್ಲ, ಒಬ್ಬಟ್ಟು ತಂದಿದ್ದೇವೆ ಎಂದು ನಂಬಿಸಲು ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಒಳಗಿದ್ದ ಅವಳ ಗಂಡ ಬೆಂಗಳೂರಿಗೆ ವಿಮಾನ ಯಾವಾಗಿದೆ ಎಂದು ನೋಡಿಯಾಗಿತ್ತು.

ಪೆನ್ಸಿಲ್ಲು

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಡಚ್ ಅಜ್ಜಿ ಇದ್ದಾರೆ. ಎಂಬತ್ತು ದಾಟಿದೆ, ಒಬ್ಬರೇ ಇರುತ್ತಾರೆ. ಅವರಿಗೂ ನನ್ನ ಹೆಂಡತಿಗೂ ಎರಡು ವಾರಕ್ಕೊಮ್ಮೆ ಗುರುವಾರ ಹತ್ತೂವರೆಗೆ ಕಾಫಿ. ಹತ್ತು ಇಪ್ಪತ್ತೊಂಬತ್ತಕ್ಕೆ ಗಂಟೆ ಒತ್ತಿದರೆ ಒಂದು ನಿಮಿಷ ಕಾಯಿಸಿ ಬಾಗಿಲು ತೆಗೆಯುತ್ತಾರೆ.

ಐದು ವರ್ಷದ ಹಿಂದೆ ಹೆಂಡತಿ ಕಾಫಿಯ ಮಾತಿನ ನಡುವೆ, “ನಾವು ಊರಿಗೆ ಹೋಗಿಬಿಡ್ತೀವಿ” ಎಂದಿದ್ದಳು. ಅಜ್ಜಿ ಎದ್ದುಹೋಗಿ ತಮ್ಮ ‘ಅಗೆಂಡಾ’ ಎಂಬ ಡೈರಿ ತಂದು, ಪೆನ್ಸಿಲ್ ಹಿಡಿದು, “ಯಾವ ತಾರೀಕು?” ಎಂದರು. ನಮ್ಮಲ್ಲಿ ‘ಹೋಗ್ತೀವಿ’ ಎಂದರೆ ಅದು ಮನಸ್ಸಿನ ಮಾತು, ತಾರೀಕು ಕೇಳಬಾರದು ಎಂದು ಡಚ್ಚಿನಲ್ಲಿ ಹೇಗೆ ಹೇಳುವುದು? ಹೆಂಡತಿ ಬಾಯಿಗೆ ಬಂದ ತಾರೀಕು ಹೇಳಿದಳು. ಅಜ್ಜಿ ಬರೆದುಕೊಂಡರು.

ಆ ತಾರೀಕು ಬಂತು. ಅಜ್ಜಿ ಹೂಗುಚ್ಛ ಹಿಡಿದು ಮೇಲೆ ಬಂದು, “ಪ್ರಯಾಣ ಸುಖಕರವಾಗಿರಲಿ” ಎಂದರು. ನಾನು ಲುಂಗಿಯಲ್ಲಿ ಕೂತು ಟೀವಿ ನೋಡುತ್ತಿದ್ದೆ. ಅವರು ಬೇಸರಪಡಲಿಲ್ಲ. ಅಲ್ಲೇ ರಬ್ಬರಿನಿಂದ ಅಳಿಸಿ, ಮುಂದಿನ ವರ್ಷದ ಅದೇ ದಿನಕ್ಕೆ ಬರೆದುಕೊಂಡರು. ಹೀಗೆ ಪ್ರತಿವರ್ಷ ಅಗೆಂಡಾದ ಪ್ರಕಾರ ನಾವು ಊರಿಗೆ ಹೋಗುತ್ತಲೇ ಇದ್ದೇವೆ. ಹೂಗುಚ್ಛ ಮಾತ್ರ ತಪ್ಪದೆ ಬರುತ್ತದೆ.

ಮೂರು ವಿಷಲ್

ಕೊನೆಗೆ ಮಗಳು, “ಜಸ್ಟ್ ಡೂ ಎ ಪೈಲಟ್, ಅಪ್ಪಾ” ಎಂದಳು. ಹೌದಲ್ಲ, ಯಾವ ಸಿಸ್ಟಮನ್ನಾದರೂ ಮೊದಲು ಸಣ್ಣದಾಗಿ ಪೈಲಟ್ ಮಾಡಿ ನೋಡದೆ ಚಾಲೂ ಮಾಡುತ್ತಾರೆಯೇ? ಕಳೆದ ಅಕ್ಟೋಬರಿನಲ್ಲಿ ಆರು ವಾರ ರಜೆ ಹಾಕಿ, ಕೆ.ಆರ್. ನಗರದಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದೆವು. ಆರು ವಾರದ ಕೊನೆಗೆ ಹೆಂಡತಿ ಹೂಂ ಎಂದರೆ ಹೂಂ, ಉಹೂಂ ಎಂದರೆ ಊರಿನ ಮಾತನ್ನೇ ಬಿಡುವುದು ಎಂದು ಒಪ್ಪಂದವಾಯಿತು. ನನಗೆ ಒಳಗೊಳಗೇ ಭಯವಿತ್ತು. ಉಹೂಂ ಎಂದುಬಿಟ್ಟರೆ ಇಪ್ಪತ್ತೆರಡು ವರ್ಷ ನಾನು ಮನಸ್ಸಿನಲ್ಲೇ ನಡೆದಾಡಿದ ಬೀದಿಗಳನ್ನೆಲ್ಲ ಅಲ್ಲಿಗೇ ಬಿಡಬೇಕಿತ್ತು.

ಮೊದಲ ಬೆಳಿಗ್ಗೆ. ಒಲೆಯ ಮೇಲೆ ಕುಕ್ಕರು, ನಾವಿಬ್ಬರೂ ನಡುಮನೆಯಲ್ಲಿ. ದಬದಬ ಎಂದು ಬಾಗಿಲು ತಟ್ಟಿದ ಸದ್ದು.

ಯಾರೂ ಬರುತ್ತೇನೆಂದು ಹೇಳಿರಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮುಂದಿನದು ಹೇಗಾಯಿತೋ ತಿಳಿಯದು, ಇಬ್ಬರೂ ಕಿಟಕಿಗೆ ಕಾಣದಂತೆ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತುಬಿಟ್ಟಿದ್ದೆವು.

“ನಾನು ಪಕ್ಕದ್ ಮನೆಯವ್ಳು ಕಣಮ್ಮಾ!” ಎಂದಿತು ಹೊರಗಿನ ದನಿ. “ಹೊಸಬ್ರು ಬಂದಿದೀರಲ್ಲ, ಮಾತಾಡ್ಸ್ಕೊಂಡು ಹೋಗಣ ಅಂತ ಬಂದೆ.”

“ಹೋಗಿ ಬಾಗಿಲು ತೆಗಿ” ಎಂದು ನಾನು ಪಿಸುಗುಟ್ಟಿದೆ. “ಈಗ ತೆಗೆದ್ರೆ ಇಷ್ಟು ಹೊತ್ತು ಯಾಕೆ ತೆಗೀಲಿಲ್ಲ ಅಂತಾರೆ, ಸುಮ್ನಿರಿ” ಎಂದು ಅವಳು ಪಿಸುಗುಟ್ಟಿದಳು. ಅಷ್ಟರಲ್ಲಿ ಕುಕ್ಕರು ಒಮ್ಮೆ ಕೂಗಿತು. ಹೊರಗೆ ನಿಶ್ಶಬ್ದ. ಇನ್ನೊಮ್ಮೆ ಕೂಗಿತು. ನಾವು ಉಸಿರು ಬಿಗಿಹಿಡಿದೆವು. ಅದು ಮತ್ತೂ ಒಮ್ಮೆ ಕೂಗಿತು.

ಹೊರಗಿನ ದನಿ ತುಂಬ ಸಮಾಧಾನದಿಂದ ಹೇಳಿತು: “ಮೂರಾಯ್ತು, ಆಫ್ ಮಾಡ್ಕೊಳಿ. ನಾನು ಆಮೇಲ್ ಬತ್ತೀನಿ.”

ತೆರೆದ ಬಾಗಿಲು

ತಪ್ಪು ಸರಿಮಾಡಲು ಆ ಸಂಜೆ ನಾನೇ ಪಕ್ಕದ ಮನೆಗೆ ಹೋದೆ. ಕೆಟ್ಟದ್ದು ಅಲ್ಲೇ. “ತಪ್ಪು ತಿಳಿಯಬೇಡಿ, ನಾವಿರೋ ದೇಶದಲ್ಲಿ ಯಾರೂ ಹೇಳದೆ ಬರಲ್ಲ. ಅಪಾಯಿಂಟ್‌ಮೆಂಟ್ ತಗೊಂಡೇ ಬರೋದು. ನಮಗೆ ಅಭ್ಯಾಸ ತಪ್ಪಿಹೋಗಿದೆ” ಎಂದು ವಿವರಿಸಿದೆ. ನಾನು ಹೇಳಿದ್ದು ಕ್ಷಮೆ, ಆಕೆ ಕೇಳಿಸಿಕೊಂಡದ್ದು ನಿಯಮ. “ಅದಕ್ಕೇನಂತೆ ಸಾರ್, ನಿಮ್ ಪದ್ಧತಿ ನಿಮಗೆ” ಎಂದು ದೊಡ್ಡ ಮನಸ್ಸು ಮಾಡಿದರು.

ಎರಡೇ ದಿನದಲ್ಲಿ ವಿಷಯ ಇಡೀ ಬೀದಿಗೆ ತಿಳಿಯಿತು. ಎದುರು ಮನೆಯ ಮೇಷ್ಟ್ರು ಕಾಂಪೌಂಡಿನ ಆಚೆಯಿಂದಲೇ, “ನಾಳೆ ಹತ್ತೂವರೆಗೆ ಬಂದು ಹತ್ತೂ ಐವತ್ತಕ್ಕೆ ಹೋಗಬಹುದಾ?” ಎಂದು ಕೇಳಿದರು. ಎಲ್ಲರ ಬಾಗಿಲಲ್ಲೂ ನಿಂತು ಕೂಗುವ ಹೂವಿನವಳು ನಮ್ಮ ಮನೆಯ ಮುಂದೆ ಮಾತ್ರ ಬಾಯಿ ಮುಚ್ಚಿಕೊಂಡು ದಾಟಿಹೋಗುತ್ತಿದ್ದಳು. ಸ್ಟೇಷನ್ನಿನ ಬಳಿ ಆಟೋ ಹತ್ತಿ ಬೀದಿಯ ಹೆಸರು ಹೇಳಿದರೆ ಡ್ರೈವರು, “ಅಪಾಯಿಂಟ್‌ಮೆಂಟ್ ಮನೆಗಾ ಸಾರ್?” ಎಂದ.

ಹೆಂಡತಿಯ ಮುಖ ದಿನದಿನಕ್ಕೂ ಇಳಿಯುತ್ತಾ ಬಂತು. “ಅಲ್ಲಿ ಯಾರೂ ಬರ್ತಿರಲಿಲ್ಲ, ಸರಿ. ಇಲ್ಲಿಗೆ ಬಂದು, ಬರೋರನ್ನೂ ನಾವೇ ನಿಲ್ಲಿಸಿದ್ವಲ್ಲ” ಎಂದಳು.

ಮರುದಿನದಿಂದ ಅವಳೊಂದು ಉಪಾಯ ಮಾಡಿದಳು. ಬೆಳಿಗ್ಗೆಯೇ ಮುಂಬಾಗಿಲನ್ನು ಅಗಲವಾಗಿ ತೆರೆದಿಟ್ಟು, ಎದುರಿಗೆ ಎರಡು ಖಾಲಿ ಕುರ್ಚಿ ಹಾಕಿ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿಟ್ಟು ಕಾಯತೊಡಗಿದಳು. ಯಾರಾದರೂ ಒಬ್ಬರು ಸುಮ್ಮನೆ ಒಳಗೆ ಬರಲಿ ಎಂದು. ಬೀದಿಯ ಜನ ಒಳ್ಳೆಯವರು. ಹೋಗುವವರು ಬರುವವರೆಲ್ಲ, “ಅಮ್ಮಾ, ಬಾಗ್ಲು ತೆಗ್ದೇ ಬಿಟ್ಟಿದೀರಿ, ನಾಯಿ ನುಗ್ಗುತ್ತೆ” ಎಂದು ಕೂಗಿ ಹೇಳಿ, ತಾವೇ ಮೆಟ್ಟಿಲು ಹತ್ತಿ ಬಂದು, ಬಾಗಿಲನ್ನು ಭದ್ರವಾಗಿ ಎಳೆದುಕೊಂಡು ಹೋಗುತ್ತಿದ್ದರು.

ಅರ್ಧ ಬೆಂದ ಬೇಳೆ

ಆರು ವಾರ ಮುಗಿಯಿತು. ಹೊರಡುವ ದಿನ ಬೆಳಿಗ್ಗೆ ಹೆಂಡತಿ ತಲೆಗೆ ಹರಳೆಣ್ಣೆ ಮೆತ್ತಿಕೊಳ್ಳುತ್ತಾ ಹೇಳಿದಳು: “ಉಹೂಂ. ಊರು ಚೆನ್ನಾಗಿದೆ ಕಣ್ರೀ. ಆದರೆ ಊರಿಗೆ ಬೇಕಾದ ಜನ ನಾವಾಗಿ ಉಳಿದಿಲ್ಲ.” ನಾನು ಬನಿಯನ್ನಿನಲ್ಲೇ, ವಿಮಾನಕ್ಕೆ ಎಷ್ಟು ಭಾರವೆಂದು ನೋಡಲು, ಸೂಟ್‌ಕೇಸು ಎತ್ತಿಕೊಂಡು ತೂಕದ ಯಂತ್ರ ಹತ್ತಿ ನಿಂತೆ.

ಆಗ ಹಿತ್ತಲ ಬಾಗಿಲು ಧಡಾರನೆ ತೆರೆಯಿತು. ಪಕ್ಕದ ಮನೆಯಾಕೆ ಎರಡೂ ಕೈಯಲ್ಲಿ ಬಿಸಿ ಕುಕ್ಕರು ಹಿಡಿದು, ಸೆರಗು ಸಿಕ್ಕಿಸಿಕೊಂಡು ಒಳಗೆ ನುಗ್ಗಿದರು. ಎಣ್ಣೆ ಹಚ್ಚಿಕೊಂಡವಳನ್ನೂ ನೋಡಲಿಲ್ಲ, ಬನಿಯನ್ನಿನವನನ್ನೂ ನೋಡಲಿಲ್ಲ. “ಗ್ಯಾಸ್ ಮುಗ್ದೋಯ್ತು, ಬೇಳೆ ಅರ್ಧ ಬೆಂದೈತೆ, ಮನೆಗೆ ನೆಂಟ್ರು ಬಂದವ್ರೆ” ಎನ್ನುತ್ತಾ ನೆಟ್ಟಗೆ ನಮ್ಮ ಅಡುಗೆಮನೆಗೆ ಹೋಗಿ, ನಮ್ಮ ಒಲೆಯ ಮೇಲೆ ಕುಕ್ಕರು ಕುಕ್ಕಿ, ಬೆಂಕಿ ಹಚ್ಚಿದರು. ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡರು. “ಅಯ್ಯೋ, ನಿಮ್ದು ಅಪಾಯಿಂಟ್‌ಮೆಂಟು! ಮರ್ತೇಬಿಟ್ಟೆ ಕಣಮ್ಮ. ಹೋಗಿ ಹೇಳ್ಕಳ್ಸಿ ಬತ್ತೀನಿ.”

ಹೆಂಡತಿ ಓಡಿಹೋಗಿ ಹಿತ್ತಲ ಬಾಗಿಲಿಗೆ ಅಡ್ಡ ನಿಂತಳು. ಹಣೆಯಿಂದ ಎಣ್ಣೆ, ಕಣ್ಣಿಂದ ನೀರು. “ನೀವು ಹೋಗೋ ಹಾಗಿಲ್ಲ” ಎಂದಳು.

“ಬೇಳೆ ಬೆಂದ್ ಮೇಲೂವಾ?” ಎಂದು ಆಕೆ ಗಾಬರಿಯಿಂದ ಕೇಳಿದರು.

ಇಬ್ಬರೂ ಅಡುಗೆಮನೆಯ ನೆಲದಲ್ಲೇ ಕೂತರು. ಆರು ವಾರದ ಮಾತೆಲ್ಲ ಒಂದೇ ಸಲ ಹೊರಬಂತು. ಯಾರ ಮಗಳಿಗೆ ಮದುವೆ ಗೊತ್ತಾಗಿದೆ, ಯಾರಿಗೆ ಸೊಂಟ ನೋವು, ಹರಳೆಣ್ಣೆ ಎಲ್ಲಿ ಒಳ್ಳೆಯದು ಸಿಗುತ್ತದೆ. ಕುಕ್ಕರು ಮೂರು ಸಲ ಕೂಗಿತು, ನಾಲ್ಕು ಸಲ ಕೂಗಿತು, ಯಾರೂ ಏಳಲಿಲ್ಲ. ನಾನು ಇನ್ನೂ ತೂಕದ ಯಂತ್ರದ ಮೇಲೇ ಇದ್ದೆ. ಕೊನೆಗೆ ಬೀದಿಯಿಂದ ಹೂವಿನವಳು, ಆರು ವಾರದಲ್ಲಿ ಮೊದಲ ಬಾರಿ, ನಮ್ಮ ಮನೆಯತ್ತ ತಿರುಗಿ ಕೂಗಿದಳು: “ಏಳಾಯ್ತು ಕಣ್ರವ್ವಾ, ಆಫ್ ಮಾಡ್ರೀ!”

ಪೆನ್ನು

ಆಮ್ಸ್ಟರ್‌ಡ್ಯಾಮಿಗೆ ಬಂದು ಸೂಟ್‌ಕೇಸು ಇಳಿಸಿದವಳೇ ಹೆಂಡತಿ ಕೆಳಗಿನ ಮನೆಗೆ ಹೋದಳು. ಅಂದು ಗುರುವಾರವಲ್ಲ, ಹತ್ತೂವರೆಯೂ ಅಲ್ಲ. ನಾನೂ ಹಿಂದೆಯೇ ಹೋದೆ. ಬಾಗಿಲು ತೆಗೆದ ಡಚ್ ಅಜ್ಜಿ ನಮ್ಮನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಯಾರು ಹೋದರು?” ಎಂದರು.

“ಯಾರೂ ಇಲ್ಲ. ನಾವು ಹೋಗ್ತೀವಿ. ಮುಂದಿನ ಸೆಪ್ಟೆಂಬರ್ ಐದು. ಈ ಸಲ ಪೆನ್ನಿನಲ್ಲಿ ಬರ್ಕೊಳ್ಳಿ” ಎಂದಳು ಹೆಂಡತಿ.

ಅಜ್ಜಿ ಮುಂದಿನ ವರ್ಷದ ಅಗೆಂಡಾ ಆಗಲೇ ಕೊಂಡಿಟ್ಟಿದ್ದರು. ಪೆನ್ನು ಹುಡುಕಿ ಬರೆದರು. ಬರೆದಾದ ಮೇಲೆ ಆ ಪುಟದ ಮೇಲೆ ಅಂಗೈ ಇಟ್ಟುಕೊಂಡರು. “ಇನ್ನು ಗುರುವಾರಗಳಲ್ಲಿ ನಾನೇನು ಬರೆಯಲಿ?” ಎಂದರು. ಈ ದೇಶ ಬಿಡುವಾಗಲೂ ಕರುಳು ಚುರ್ರೆನ್ನುತ್ತದೆ ಎಂದು ಯಾವ ಕಾಲಮ್ಮಿನಲ್ಲೂ ನಾನು ಹಾಕಿರಲಿಲ್ಲ.

ಹೆಂಡತಿ ಅವರ ಕೈ ಹಿಡಿದುಕೊಂಡಳು. “ನೀವೂ ನಮ್ಮೂರಿಗೆ ಬನ್ನಿ. ಅಲ್ಲಿ ಅಪಾಯಿಂಟ್‌ಮೆಂಟ್ ಬೇಡ. ಹೇಳದೆ ಕೇಳದೆ, ಸುಮ್ಮನೆ ಬಂದು ಬಾಗಿಲು ತಟ್ಟಿ.”

ಅಜ್ಜಿಯ ಮುಖ ಅರಳಿತು. “ಹಾಗೂ ಬರಬಹುದೇ?” ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಅಗೆಂಡಾದ ಹಾಳೆ ತಿರುವಿ, ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರ ದುಂಡಗೆ ಬರೆದರು: ‘ನವೆಂಬರ್ ಹನ್ನೆರಡು, ಬೆಳಿಗ್ಗೆ ಹನ್ನೊಂದು ಗಂಟೆ. ಹೇಳದೆ ಕೇಳದೆ ಹೋಗುವುದು.’