ಹ್ಯಾಕರಮ್ಮನ ಜೊತೆ ಒಂದು ರಾಜಿ

"ಇನ್ಮೇಲೆ ಈ ಮನೆ ಕಂಪ್ಯೂಟರಿಗೆ ಒಂದು ಸೊಳ್ಳೆ ಕೂಡ ನುಗ್ಗಬಾರದು, ಹಾಗೆ ಮಾಡ್ತೀನಿ!" ಎಂದು ಭಾನುವಾರ ಬೆಳಿಗ್ಗೆ ಭೂತಗನ್ನಡಿಯವರು ಘೋಷಿಸಿದರು.

ಭೂತಗನ್ನಡಿ ಎಂಬುದು ಆಫೀಸಿನವರು ಇಟ್ಟ ಹೆಸರು. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವುದು ಅವರ ಉದ್ಯೋಗವಾಗಿತ್ತು. ಸುಟ್ಟ ಅಂಗಡಿಯ ಬೂದಿ ಮೂಸಿಯೇ ಮಾಲೀಕನ ಬಂಡವಾಳ ಬಯಲು ಮಾಡುತ್ತಿದ್ದರು. ನಿವೃತ್ತರಾದ ಮೇಲೆ ಸಂಶಯಪಡಲು ಯಾರೂ ಸಿಗದೆ ಇಂಟರ್ನೆಟ್ಟಿನ ಬೆನ್ನು ಹತ್ತಿದ್ದರು. ಯಾರಾದರೂ "ಶುಭೋದಯ" ಎಂದು ಮೆಸೇಜು ಕಳಿಸಿದರೆ, "ನನ್ನ ಉದಯದಿಂದ ಇವನಿಗೇನು ಲಾಭ?" ಎಂದು ಹುಬ್ಬು ಗಂಟಿಕ್ಕುವರು!

ಹೆಂಡತಿ ಸ್ನಾನಕ್ಕೆ ಹೋದದ್ದೇ ತಡ, ಕಾರ್ಯಾಚರಣೆ ಶುರು. ಮನೆಯಲ್ಲಿ ಎರಡು ಕೋಣೆ, ಎರಡು ಕಂಪ್ಯೂಟರು, ಜೋಡಿಯಾಗಿ ಕೊಂಡ ಎರಡು ವೈರಿಲ್ಲದ ಕೀಬೋರ್ಡು. ಅವುಗಳ ಸಿಗ್ನಲ್ ಹಿಡಿಯಲು ಕಂಪ್ಯೂಟರಿಗೆ ಸಿಕ್ಕಿಸಿದ್ದ ಉಗುರಿನಷ್ಟು ಪಿನ್ನುಗಳನ್ನೂ ಬಿಡದೆ ಕಿತ್ತು, ಮೇಜಿನ ಮೇಲೆ ಹರಡಿ, "ಶತ್ರು ಏನಾದ್ರೂ ಅಂಟಿಸಿದ್ದಾನಾ?" ಎಂದು ತಿರುಗಿಸಿ ಮುರುಗಿಸಿ ನೋಡಿ, ಒರೆಸಿ, ಮತ್ತೆ ಸಿಕ್ಕಿಸಿದರು.

ಹೆಂಡತಿ ಶಾಲೆಯಲ್ಲಿ ರಸಾಯನಶಾಸ್ತ್ರದ ಮೇಡಂ. "ಪ್ರಶ್ನೆಪತ್ರಿಕೆ ಮಾಡೋದಿದೆ. ಗುಟ್ಟಿನ ಕೆಲಸ. ಆಕಾಶ ಕಳಚಿ ಬಿದ್ರೂ ಕರೀಬೇಡಿ!" ಎಂದವರೇ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ಅವರದು ಕೀಬೋರ್ಡನ್ನೇ ನೋಡಿಕೊಂಡು, ತಲೆಯೆತ್ತದೆ ಕುಟ್ಟುವ ಅಭ್ಯಾಸ.

ಇತ್ತ ಭೂತಗನ್ನಡಿಯವರು ಬೆರಳು ನೆಟಿಗೆ ಮುರಿದು ಒಂದು ಖಾಲಿ ಪುಟ ತೆರೆದರು. ಇನ್ನೂ ಕೀಲಿ ಮುಟ್ಟಿಲ್ಲ. ಪರದೆಯ ಮೇಲೆ ಅಕ್ಷರಗಳು ತಾವಾಗಿಯೇ ಮೂಡತೊಡಗಿದವು!

"ಸಾಂದ್ರ ಆಮ್ಲ ಮೈಮೇಲೆ ಬಿದ್ದರೆ ಏನಾಗುತ್ತದೆ? ಉತ್ತರಿಸಿ."

ಭೂತಗನ್ನಡಿಯವರು ಕುರ್ಚಿಯನ್ನು ಗಕ್ಕನೆ ಹಿಂದಕ್ಕೆ ಸರಿಸಿದರು. ಆಸಿಡ್ ಹಾಕೋ ಬೆದರಿಕೆ! ಅದಕ್ಕೆ ಉತ್ತರ ಬೇರೆ ಕೊಡಬೇಕಂತೆ! ಕೂಗೋಣವೆಂದರೆ ಹೆಂಡತಿಯ ಆಜ್ಞೆ. ಕೀಬೋರ್ಡು ಎಳೆದುಕೊಂಡು ಟೈಪಿಸಿದರು: "ಯಾರಯ್ಯಾ ನೀನು?"

ಅವರು ಟೈಪಿಸಿದ ಒಂದಕ್ಷರವೂ ಪರದೆಯ ಮೇಲೆ ಕಾಣಲಿಲ್ಲ. ಆದರೆ ಕ್ಷಣದಲ್ಲೇ ಉತ್ತರ ಬಂತು.

"ಮೊದಲು ನೀನ್ಯಾರು ಹೇಳು! ನನ್ನ ಕಂಪ್ಯೂಟರಿನಲ್ಲಿ ನಿನಗೇನು ಕೆಲಸ?"

"ನಿನ್ನ ಕಂಪ್ಯೂಟರಾ? ಇದು ನನ್ನದು!"

"ಪ್ರಶ್ನೆ ಕದಿಯೋಕೆ ಬಂದಿದ್ದೀಯಾ ಅಂತ ಗೊತ್ತು. ನನ್ನ ಗಂಡ ಪಕ್ಕದ ಕೋಣೆಯಲ್ಲೇ ಇದ್ದಾರೆ. ಕರೀಲಾ? ಎಂಥೆಂಥ ಕಳ್ಳರ ಬೆವರಿಳಿಸಿದವರು ಗೊತ್ತಾ?"

ಹೆಂಗಸು! ಜೊತೆಗೆ ಗಂಡ! ಸಂಸಾರಸಮೇತ ನಡೆಸುವ ಗ್ಯಾಂಗು! ಅದರಲ್ಲೂ ಆ ಗಂಡ ಕಳ್ಳರನ್ನೇ ನಡುಗಿಸುವ ಮಹಾಕಳ್ಳನಿರಬೇಕು! ಭೂತಗನ್ನಡಿಯವರ ವೀರಾವೇಶವೆಲ್ಲ ಸರ್ರನೆ ಇಳಿದುಹೋಯಿತು. ಅವರು ರಾಜಿಗೆ ಮುಂದಾದರು.

"ಅಮ್ಮಾ, ದಯವಿಟ್ಟು ಯಜಮಾನರನ್ನ ಕರೀಬೇಡಿ. ನನ್ನದು ಹಳೇ ಡಬ್ಬ. ಇದರಲ್ಲಿ ನಿಮಗೇನೂ ಗಿಟ್ಟಲ್ಲ. ಪಕ್ಕದ ಕೋಣೇಲಿ ನನ್ನ ಹೆಂಡತಿ ಕಂಪ್ಯೂಟರ್ ಇದೆ, ಹೊಚ್ಚಹೊಸದು. ಅದಕ್ಕೆ ನುಗ್ಗಿ, ನನ್ನ ಬಿಟ್ಟುಬಿಡಿ. ಪಾಸ್‌ವರ್ಡ್ ನಮ್ಮ ಮದುವೆ ತಾರೀಖು, ಹದಿನಾಲ್ಕನೇ ಜೂನ್."

ಪರದೆ ಸ್ತಬ್ಧವಾಯಿತು. ಹ್ಯಾಕರಮ್ಮ ಒಪ್ಪಿಕೊಂಡಳೆಂದು ಭೂತಗನ್ನಡಿಯವರು ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಕುರ್ಚಿ ಕರ್ರೆಂದಿತು. ಬಾಗಿಲು ದಢಾರೆಂದಿತು. ಉಗುರಿನಷ್ಟು ಪಿನ್ನೊಂದನ್ನು ಎರಡು ಬೆರಳಲ್ಲಿ ಹಿಡಿದು ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದರು.

"ಬೆಳಿಗ್ಗೆ ಇವನ್ನೆಲ್ಲ ಕಿತ್ತಿದ್ರಾ?"

"ಒರೆಸೋಕೆ..."

"ನಿಮ್ಮ ಪಿನ್ನು ನನ್ನ ಕಂಪ್ಯೂಟರಿಗೆ, ನನ್ನದು ನಿಮ್ಮದಕ್ಕೆ ಹಾಕಿದ್ದೀರಿ. ನೀವು ಕುಟ್ಟಿದ್ದೆಲ್ಲ ನನ್ನ ಪರದೆ ಮೇಲೆ ಬಂತು. ನಾನು ಕುಟ್ಟಿದ್ದು ನಿಮ್ಮ ಪರದೆ ಮೇಲೆ."

ಭೂತಗನ್ನಡಿಯವರಿಗೆ ಕುರ್ಚಿಯ ಕೆಳಗೆ ತೂರಿಕೊಳ್ಳುವಷ್ಟು ನಾಚಿಕೆಯಾಯಿತು. "ಅಂದ್ರೆ... ನಾನು ಬರೆದದ್ದನ್ನೆಲ್ಲ ಓದಿದ್ಯಾ?"

"ಓದಿದೆ. ಹೆಂಡತೀನ ಕಳ್ಳರ ಕೈಗೆ ಒಪ್ಪಿಸಿದ್ದು ಹೋಗ್ಲಿ ಬಿಡಿ, ಹೆದರಿಕೇಲಿ ಮಾಡಿದ್ರಿ." ಹೆಂಡತಿ ಪಿನ್ನನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟರು. "ಆದ್ರೆ ಆ ಪಾಸ್‌ವರ್ಡಿಂದ ಕಳ್ಳ ಈ ಜನ್ಮದಲ್ಲಿ ಒಳಗೆ ಬರ್ತಿರಲಿಲ್ಲ. ನಮ್ಮ ಮದುವೆ ಆಗಿದ್ದು ಆಗಸ್ಟಿನಲ್ಲಿ!"