ವಿಮಾನಕ್ಕೆ ಹತ್ತಿದ ಕೈ

ನಾಲಿಗೆ ಜಾರುವುದಕ್ಕೆ ಕೆಸರೇನೂ ಬೇಕಿಲ್ಲ, ಅರ್ಧ ಲೋಟ ಚಹಾ ಸಾಕು. ಬೆಂಗಳೂರಿನ ವಿಮಾನ ಕಾರ್ಖಾನೆಯಿಂದ ನಿವೃತ್ತನಾಗಿ ತೊಗರ್ಸಿ ಪಕ್ಕದ ತನ್ನ ಹಳ್ಳಿಗೆ ಬಂದ ಆನಂದಪ್ಪ, ಹೋಟೆಲಿನ ಟೀವಿಯಲ್ಲಿ ಹೊಸ ಯುದ್ಧವಿಮಾನ ಹಾರುವುದನ್ನು ಕಂಡು, "ಅದಕ್ಕೆ ನನ್ನ ಕೈನೂ ಹತ್ತೈತಿ" ಎಂದುಬಿಟ್ಟ. ಸಂಜೆಯೊಳಗೆ ಊರವರ ಬಾಯಲ್ಲಿ ಆ ಕೈ ರೆಕ್ಕೆ, ಎಂಜಿನ್ನು, ಬಾಂಬು ಎಲ್ಲವನ್ನೂ ಮಾಡಿ ಮುಗಿಸಿತ್ತು.

ಊರವರು ಆ ಕೈಗೆ ಇನ್ನೊಂದು ಕೆಲಸ ಒಪ್ಪಿಸಿದರು: ಸೋಮವಾರ ಸಂಜೆ ಬಸವಣ್ಣನ ಗುಡಿಯಲ್ಲಿ ದೀಪ ಹಚ್ಚುವುದು. ಗುಡಿಯ ಹಿರಿಯ ಮಂಜಪ್ಪನವರು ಹೇಳಿದ ಕಟ್ಟಳೆ ಒಂದೇ, ಮಾಂಸ ಮುಟ್ಟಿದ ಕೈ ಆಗಬಾರದು. ಆನಂದಪ್ಪ ಹುಟ್ಟಿದಾಗಿನಿಂದ ಹಾಲು ಮೊಸರಿನ ಆಚೆಗೆ ನಾಲಿಗೆ ಚಾಚಿದವನಲ್ಲ. ಆದರೆ ಕಟ್ಟಳೆ ಇದ್ದದ್ದು ನಾಲಿಗೆಗಲ್ಲ, ಕೈಗೆ. ಆ ಕೈಯ ಗುಟ್ಟು ಹೆಂಡತಿ ನಾಗವೇಣಿಗೆ ಮಾತ್ರ ಗೊತ್ತು. ಹೊರಬಿದ್ದರೆ ದೀಪ ಹೋಯಿತು. ವಾರದ ಆ ಒಂದು ಸಂಜೆಗಾಗಿಯೇ ಅವನು ಉಳಿದ ಆರು ದಿನ ಕಳೆಯುತ್ತಿದ್ದ.

ಒಂದು ಸೋಮವಾರ ಬೆಳಗಾಗುತ್ತಲೇ ಪಕ್ಕದ ಮನೆಯ ಮೂಕಮ್ಮ, ಕೆಟ್ಟಿದೆ ಎಂದು ಔಷಧಿ ಹೊಡೆಯುವ ಪಂಪು ಹೊತ್ತು ತಂದಳು. ವಿಮಾನ ಮಾಡಿದವರಿಗೆ ಇದ್ಯಾವ ದೊಡ್ಡದು ಎಂದಳು. ಆನಂದಪ್ಪ ಬಿಚ್ಚಿದ. ಮತ್ತೆ ಜೋಡಿಸಿದಾಗ ಮೂರು ತುಂಡು ಒಳಗೆ ಹೋಗಲು ಒಪ್ಪದೆ, ಮುನಿಸಿಕೊಂಡ ನೆಂಟರ ಹಾಗೆ ಹೊರಗೇ ಕುಳಿತವು. ಅವಳ ಹಿಂದೆಯೇ ಬಂದ ಎದುರು ಮನೆಯ ಲೋಕಮ್ಮನ ಮಿಕ್ಸಿ ಅವನ ಕೈ ಸೋಕುವ ತನಕ ನರಳುತ್ತಲಾದರೂ ತಿರುಗುತ್ತಿತ್ತು. ಇಬ್ಬರೂ ಬೈಯಲಿಲ್ಲ, ಸೆರಗು ಬಾಯಿಗಿಟ್ಟುಕೊಂಡು ಹೋದರು.

ಮಧ್ಯಾಹ್ನ ಶಾಲೆಯ ಗುರುಪ್ರಕಾಶ್ ಮೇಷ್ಟ್ರು ಬಂದು, ಯುದ್ಧವಿಮಾನದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ಎಳೆದುಕೊಂಡೇ ಹೋದರು. ಮಕ್ಕಳ ಹಿಂದೆ ಊರೇ ಕೂತಿತ್ತು. ಆನಂದಪ್ಪ ಮೈಕು ಹಿಡಿದು, ಈ ವಿಮಾನ ಕುರಿ ಕಾಯುವವರ ಕಂಬಳಿ ಇದ್ದ ಹಾಗೆ ಎಂದ. ಕಂಬಳಿ ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಮಳೆ ಬಂದರೆ ಕೊಪ್ಪೆ. ಇದೂ ಹಾಗೇ, ಮೇಲೆ ವೈರಿ ವಿಮಾನದ ಜೊತೆ ಕಾದಾಡುತ್ತದೆ, ಕೆಳಗಿನ ಗುರಿಗೆ ಬಾಂಬು ಹಾಕುತ್ತದೆ, ಬರುವಾಗ ಗಡಿಯ ಫೋಟೋ ತರುತ್ತದೆ. ಅದರ ಸದ್ದು ಶಿಕಾರಿಪುರಕ್ಕೆ ಕೇಳುವ ಹೊತ್ತಿಗೆ ಅದು ಸೊರಬದ ದಾರಿ ಹಿಡಿದಿರುತ್ತದೆ. ಎಲ್ಲರೂ ತಲೆದೂಗಿದರು.

ಆಗ ಲೋಕಮ್ಮನ ಮಗಳು ದೀಪಶ್ರೀ ಎದ್ದಳು. "ಅಜ್ಜಾ, ಅದ್ರಾಗ ನೀವು ಮಾಡಿದ್ದು ಯಾವ್ದು?"

"ಆ ಪ್ರಶ್ನೆ ಬೇಡ, ಕೂತ್ಕ ಪುಟ್ಟಿ," ಎಂದರು ಮೇಷ್ಟ್ರು, ಗಡಿಬಿಡಿಯಲ್ಲಿ. ಮಂಜಪ್ಪನವರಿಗೆ ಎಲ್ಲಿಲ್ಲದ ಕೆಮ್ಮು ಬಂತು. ಮೂಕಮ್ಮ ಹೊತ್ತಿಗೆ ಮೊದಲೇ ಮಂಡಕ್ಕಿ ಹಂಚತೊಡಗಿದಳು.

ಆನಂದಪ್ಪನ ಕಣ್ಣು ಮಾತ್ರ ಕಿಟಕಿಯಾಚೆಗೆ ಹೋಯಿತು. ಗುಡಿಯ ಕಲ್ಲಿನ ಬಸವಣ್ಣ ಕಿವಿ ನಿಮಿರಿಸಿ ಇತ್ತಲೇ ಕೇಳುತ್ತಿದ್ದಂತಿತ್ತು.

"ನಾನು ಕೋಳಿ ತರೋನಾಗಿದ್ದೆ ಪುಟ್ಟಿ," ಎಂದ.

ಹಾರುವ ವಿಮಾನಕ್ಕೆ ಹಕ್ಕಿ ಬಡಿದರೂ ಮುಂದಿನ ಗಾಜು ಒಡೆಯಬಾರದು. ಅದನ್ನು ಪರೀಕ್ಷಿಸಲು ಸತ್ತ ಕೋಳಿಯನ್ನು ದೊಡ್ಡ ಗಾಳಿ ಬಂದೂಕಿನಲ್ಲಿಟ್ಟು ಗಾಜಿಗೆ ಹೊಡೆಯುತ್ತಾರೆ. ಆ ಕೋಳಿ ತಂದು, ತೂಗಿ, ಬಂದೂಕಿನೊಳಗೆ ಇಡುವುದೇ ಇಪ್ಪತ್ತೆರಡು ವರ್ಷ ಅವನ ಕೆಲಸ. "ಶಿವಶಿವಾ ಅಂತ ಒಂದೊಂದ್ರ ಕಿವೀಲೂ ಹೇಳೇ ಇಡ್ತಿದ್ದೆ," ಎಂದ ಮೆಲ್ಲಗೆ. "ಗಾಜು ಉಳಿದ್ರೆ ಒಳಗ ಕೂತ ಹುಡುಗ ಉಳೀತಾನ, ಅದ್ಕೆ."

ಮಂಜಪ್ಪನವರು ತಲೆಯ ಮೇಲೆ ಕೈ ಹೊತ್ತರು. "ಎಂಥಾ ಕೆಲಸ ಮಾಡಿದ್ರಿ ಆನಂದಪ್ನೋರೇ."

"ತಪ್ಪಾತ್ರೀ. ಮೊದ್ಲೇ ಹೇಳ್ಬೇಕಿತ್ತು."

"ಹೇಳಲೇಬಾರದಿತ್ತು. ನೀವು ಬಂದ ವಾರನೇ ನಾಗವೇಣಮ್ಮ ಮೂಕಮ್ಮಗೆ ಹೇಳ್ಯಾರ, ಮೂಕಮ್ಮ ಊರಿಗೇ ಹೇಳ್ಯಾಳ. ಹುಡುಗ್ರ ಜೀವ ಕಾದ ಕೈ, ದೀಪ ಹಚ್ಚಲಿ ಅಂತ ಎಲ್ರೂ ಕಿವುಡರಾಗಿದ್ವಿ. ಈಗ ಮೈಕಿನಾಗ ಹೇಳಿದ್ರಿ. ಬಸವಣ್ಣಗೂ ಕೇಳಿಸ್ತಲ್ರೀ."

ಕಟ್ಟಳೆ ಕಟ್ಟಳೆಯೇ. ಆ ಸಂಜೆ ನಾಗವೇಣಿ ದೀಪ ಹಚ್ಚಿದಳು. ಆನಂದಪ್ಪ ಹೊರಗಿನ ಕಟ್ಟೆಯಲ್ಲಿ ಕೂತು, ಹಳೆಯ ದೀಪಗಳ ಮಸಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದ. ಒಳಗಿನ ಬೆಳಕು ಬಂದು ಅವನ ಕೈ ಮೇಲೂ ಬಿದ್ದಿತ್ತು. ಇಷ್ಟಾದರೂ ಉಳಿಯಿತಲ್ಲ ಎಂದು ಅವನು ಕಣ್ಣು ಮುಚ್ಚುವಷ್ಟರಲ್ಲಿ ಪಕ್ಕದಲ್ಲಿ ಏನೋ ದಡಕ್ಕೆಂದಿತು. ಮೂಕಮ್ಮನ ಪಂಪು, ಮೇಲೆ ಆ ಮೂರು ತುಂಡು. ಅದರ ಹಿಂದೆ ಮಿಕ್ಸಿ ಎತ್ತಿಕೊಂಡ ಲೋಕಮ್ಮ.

"ನಿಮ್ಮ ಮರ್ಯಾದಿ ಉಳೀಲಿ ಅಂತ ಚೊಲೋ ಇದ್ದ ಪಂಪನ್ನ ಕೆಟ್ಟೈತಿ ಅಂತ ಕೊಟ್ಟಿದ್ದೆ," ಎಂದಳು ಮೂಕಮ್ಮ. "ಆ ಮರ್ಯಾದಿನ ಮೈಕಿನಾಗ ನೀವೇ ಕಳ್ಕೊಂಡ್ರಿ. ನಾಳೆ ಶಿಕಾರಿಪುರಕ್ಕೆ ಒಯ್ದು ರಿಪೇರಿ ಮಾಡಿಸ್ಕಂಡು ಬರ್ರಿ."